ಹೆಳವನ ಹೊತ್ತಿಗೆಯಲ್ಲಿ ನಮ್ಮತ್ತೆ

ನಮ್ಮ ಮನೆತನದ ಚರಿತ್ರೆ ನಮ್ಮ ಮನೆಯಲ್ಲಿ ಇರಲಿಲ್ಲ. ಅಫಜಲಪುರದ ಕಡೆಯ ಒಬ್ಬ ಹೆಳವನ ಎತ್ತಿನ ಬೆನ್ನ ಮೇಲಿನ ಚೀಲದಲ್ಲಿತ್ತು. ಕೆಲವು ವರ್ಷಗಳಿಗೊಮ್ಮೆ, ಜೋಳದ ರಾಶಿ ಮುಗಿದ ಮೇಲೆ, ಅವನು ಗಂಟೆ ಬಾರಿಸುತ್ತ ನಮ್ಮ ನಿಂಬರ್ಗಾ ಸೀಮೆಗೆ ಬರುತ್ತಿದ್ದ. ಎತ್ತಿನಿಂದ ಇಳಿಯದೆ ಒಂದೊಂದು ಮನೆಯ ಮುಂದೆ ನಿಂತು ಆ ಮನೆಯ ಹಿರಿಯರನ್ನೆಲ್ಲ ರಾಗವಾಗಿ ಹೆಸರಿಸುತ್ತಿದ್ದ. ಹೊಸದಾಗಿ ಹುಟ್ಟಿದ ಗಂಡುಮಕ್ಕಳ ಹೆಸರನ್ನು ಹೊತ್ತಿಗೆಯಲ್ಲಿ ಬರೆದುಕೊಂಡು, ಜೋಳ, ಹಳೆ ಧೋತರ, ಅದೃಷ್ಟವಿದ್ದರೆ ಒಂದು ಕರು ಪಡೆದು ಮುಂದಿನ ಊರಿಗೆ ಹೋಗುತ್ತಿದ್ದ.

ಅವನ ಹೊತ್ತಿಗೆಯ ಪ್ರಕಾರ ನಮ್ಮ ಮೂಲಪುರುಷ ಹುಲಿ ಕೊಂದವನು. ಪಕ್ಕದ ಮನೆಯವರ ಮೂಲಪುರುಷನೂ ಹುಲಿ ಕೊಂದವನೇ. ಎದುರುಮನೆಯವರದೂ ಅದೇ ಕಥೆ. ನಮ್ಮೂರ ಸುತ್ತ ಬೆಕ್ಕು ಅಡಗಲೂ ಒಂದು ಗಿಡವಿಲ್ಲ, ಬರೀ ತೊಗರಿ, ಜೋಳದ ಹೊಲ. ಆ ಬಡ ಹುಲಿ ಯಾವ ಊರಿನಿಂದ ನಡೆದು ಬಂದು, ಮನೆಮನೆಗೆ ಹೋಗಿ ಸತ್ತಿತೋ ಶಿವನೇ ಬಲ್ಲ.

ನಾನು ಆಗ, ಮೀಸೆ ಬರಲೋ ಬೇಡವೋ ಎಂದು ಯೋಚಿಸುತ್ತಿದ್ದ ವಯಸ್ಸಿನವನು. ಆಳಂದದ ಶಾಲೆಯಲ್ಲಿ ನಿಜಾಮರ ಸರಕಾರ ನನಗೆ ಉರ್ದು ಕಲಿಸಲು ಬಹಳ ಕಷ್ಟಪಟ್ಟಿತು. ನನಗೆ ದಕ್ಕಿದ್ದು ಮಾಸ್ತರರ ಕೆಮ್ಮು ಮಾತ್ರ. ಅದನ್ನು ಅವರಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದೆ. ಊರಲ್ಲಿ ನಾನು ಅನುಕರಿಸದ ಗಂಟಲಿರಲಿಲ್ಲ. ನನ್ನದೇ ದನಿ ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ತಡವರಿಸಬೇಕಾಗುತ್ತಿತ್ತು.

ಒಂದು ಸಂಜೆ ಎಲ್ಲರೂ ಊಟಕ್ಕೆ ಕುಳಿತಾಗ ನಾನು ಒರಳುಕಲ್ಲನ್ನು ಎತ್ತು ಮಾಡಿಕೊಂಡು ಹತ್ತಿ, ನೀರಿನ ಚರಿಗೆಯನ್ನೇ ಗಂಟೆಯಂತೆ ಬಾರಿಸುತ್ತ ಹೆಳವನಾದೆ. ಹುಲಿ ಸತ್ತಿತು, ಅಜ್ಜನ ಅಜ್ಜ ಬಂದ, ಅಜ್ಜ ಬಂದ. ಅಷ್ಟಕ್ಕೇ ನಿಲ್ಲದೆ ಅತ್ತೆಯನ್ನೂ ಹಾಡಿಗೆ ಎಳೆದು ತಂದೆ.

"ಜೋಳದ ಕೋಣಿ ಕೀಲಿ ನಡಕ್ಕ ಕಟ್ಟಿದಾಕಿ, ತಮ್ಮಗೋಳ ಕಿವಿ ಹಿಂಡಿ ಗಂಡಸರ ಮಾಡಿದಾಕೀ..."

ಅಪ್ಪನ ತಮ್ಮ ಕಾಕಾ ನಕ್ಕು ನಕ್ಕು ರೊಟ್ಟಿ-ಝುಣಕ ನೆತ್ತಿಗೇರಿಸಿಕೊಂಡ. ಅತ್ತೆ ನಗಲಿಲ್ಲ.

ಅತ್ತೆ ಎಂದರೆ ಅಪ್ಪನ ಅಕ್ಕ. ಆಟದ ವಯಸ್ಸಿನಲ್ಲಿ ಜೇವರ್ಗಿ ಕಡೆಗೆ ಮದುವೆಯಾಗಿ ಹೋಗಿ, ಗಂಡ ತೀರಿಕೊಂಡದ್ದರಿಂದ ತಿರುಗಿ ಬಂದವಳು. ಪ್ಲೇಗಿನಲ್ಲಿ ಅಜ್ಜ ಅಜ್ಜಿ ಹೋದಾಗ ಅಪ್ಪ, ಕಾಕಾ ಇನ್ನೂ ಚಿಕ್ಕವರು. ಅವರನ್ನೂ ಹೊಲವನ್ನೂ ಅವಳೇ ನೋಡಿಕೊಂಡಳು.

"ಲೇ, ಇದು ಆಂವನ ಹೊತ್ತಿಗ್ಯಾಗ ಬರದದ್ದೇನು?" ಎಂದಳು.

"ಇಲ್ಲತ್ತಿ, ಇದು ನಾ ಹಚ್ಚಿದ ಉಪ್ಪಿನಕಾಯಿ. ಹೆಣ್ಮಕ್ಕಳನ್ನ ಗಂಡನ ಮನಿ ಹೆಳವ ಬರಕೋತಾನಂತ."

"ಅಲ್ಲಿ ಗಂಡು ಹಡದವರನ್ನ ಬರೀತಾರ. ನಾ ನಿಮ್ಮಪ್ಪನ್ನ ಸಾಕೇನಿ, ಹಡದೇನೇನು?" ರೊಟ್ಟಿ ಬಡಿಯುವ ಕೈ ನಿಂತಿತು. "ಹಂಗಾರ ನಾ ಹೋದ ಮ್ಯಾಲ, ಈ ಮನ್ಯಾಗ ಒಬ್ಬಾಕಿ ಇದ್ಲು ಅನ್ನಾಕ ಒಂದು ಗೀಟೂ ಇರಂಗಿಲ್ಲ."

ನಾನು ಎತ್ತಿನಿಂದ ಇಳಿದೆ.

ಆ ಸುಗ್ಗಿಯಲ್ಲೇ ಹೆಳವ ಬಂದ. ಹಾಡಿದ, ಹುಲಿ ಕೊಂದ, ಜೋಳಕ್ಕೆ ಚೀಲ ಚಾಚಿದ. ಅತ್ತೆ ಹೊಸ್ತಿಲಲ್ಲಿ ನಿಂತು, "ಮೊದಲು ನನ್ನ ಬರಿ. ಆಮ್ಯಾಲ ಜೋಳ" ಎಂದಳು.

"ಹೆಣ್ಣು ಅಂದ್ರ ಹರಿಯೋ ನೀರು ಯವ್ವಾ. ಹರಿಯೋ ನೀರನ್ನ ಹ್ಯಾಂಗ ಬರೀಲಿ?"

"ಹರಿಯಾಕ ಎಲ್ಲಿ ಬಿಟ್ರೋ? ಇಲ್ಲೇ ನಿಂತು ಕೆರಿ ಆಗೇನಿ."

"ಅಕ್ಕಾ, ಮಂದಿ ನೋಡಾಕತ್ತಾರ" ಎಂದ ಅಪ್ಪ.

"ನೋಡ್ಲಿ. ಕೀಲಿ ನನ್ನ ನಡದಾಗ ಅದ."

ಹೆಳವ ಎಂದರೆ ಕಾಲಿಲ್ಲದವನು ಎಂದರ್ಥ. ಆ ಕಸುಬಿನವರಿಗೆ ಎತ್ತಿನಿಂದ ಇಳಿಯುವುದು ಅವಮಾನ. ಜೋಳ ಕೈತಪ್ಪುವ ಲಕ್ಷಣ ಕಂಡು ಅವನು ಛಂಗನೆ ಇಳಿದು, ಓಡೋಡಿ ಕಟ್ಟೆಗೆ ಬಂದು ಕುಳಿತ. ನಾನು ತಡೆಯಲಾರದೆ ಬಾಗಿಲ ಹಿಂದಿನಿಂದ ಅವನ ದನಿಯಲ್ಲೇ, "ಜೋಳದ ಕೋಣಿ ಕೀಲಿ ನಡಕ್ಕ ಕಟ್ಟಿದಾಕಿ" ಎಂದು ಹಾಡು ಎತ್ತಿಕೊಂಡೆ.

ಎದುರುಮನೆಯ ಕಣ್ಣು ಕಾಣದ ಮುದುಕ ತಲೆದೂಗಿದ. "ಖರೇ ಹೇಳಿದಿ ಹೆಳವಾ! ಆಕಿ ಇರಲಿಲ್ಲಂದ್ರ ಈ ಮನಿ ಎಲ್ಲಿರ್ತಿತ್ತು?"

"ಯಜ್ಜಾ, ನಾ ಬಾಯೇ ತೆಗದಿಲ್ಲೋ!"

"ತೆಗದಿ, ಕೇಳೇನಿ. ನಿನ್ನ ದನಿ ನನಗ ಗೊತ್ತಿಲ್ಲೇನು? ಹೆಳವ ಅಂದ ಮಾತು ಹಿಂದ ತಗೋಬಾರದಪಾ."

ಕೂಡಿದ ಮಂದಿಯೆಲ್ಲ "ಹೌದ್ರಿ, ಹೌದ್ರಿ" ಎಂದರು. ತಾನು ಹಾಡಿಲ್ಲ ಎಂದು ಹಟ ಹಿಡಿದರೆ ಆ ಹುಲಿಗಳ ಮೇಲೂ ಅನುಮಾನ ಬಂದೀತು. ಹೆಳವ ಬಾಗಿಲ ಸಂದಿಯಲ್ಲಿ ನನ್ನನ್ನು ಕಂಡು, "ನನ್ನ ದನಿ ನನಗಿಂತ ಛಲೋ ದುಡೀತದಲ್ಲೋ ಮಗನ" ಎಂದು ಹೊತ್ತಿಗೆ ಬಿಚ್ಚಿದ. "ಆತ್ರಿ, ಹೆಸರು ಹೇಳ್ರಿ."

ಅಪ್ಪ ಬಾಯಿ ತೆರೆದು, "ಅಕ್ಕ" ಎಂದ.

"ದೊಡ್ಡಕ್ಕ" ಎಂದು ಕಾಕಾ ತಿದ್ದಿದ.

"ಅಕ್ಕ ಅಂತ ಬರದ್ರ, ಎಲ್ಲಾರ ಮನ್ಯಾಗೂ ಇರ್ತಾಳ್ರೀ. ಹೆಸರು?"

ಅಪ್ಪ ಕಾಕಾನ ಮುಖ ನೋಡಿದ. ಕಾಕಾ ಎತ್ತಿನ ಮುಖ ನೋಡಿದ. ಹುಲಿ ಕೊಂದವನ ತಂದೆಯ ಹೆಸರು ಇಬ್ಬರಿಗೂ ಬಾಯಿಪಾಠ. ನಾನೋ, ಅವಳ ದನಿ, ನಡಿಗೆ, ಸೀನು ಎಲ್ಲ ಬಲ್ಲ ಮಹಾಪಂಡಿತ; ನನಗೂ ಅವಳು ಬರೀ ಅತ್ತೆ.

ಹೆಳವ ಹಾಳೆ ತಿರುವಿದ. ಅವನಪ್ಪನ ಕಾಲದ ಬರಹದಲ್ಲಿ, ನಮ್ಮ ಅಜ್ಜನ ಹೆಸರಿನ ಕೆಳಗೆ, ಮಸಿ ಮಾಸಿದ ಒಂದು ಸಾಲು ಸಿಕ್ಕಿತು. "ಹೆಣ್ಣು ಕೂಸು, ಒಂದು. ಅಷ್ಟೇ ಅದ ಯವ್ವಾ."

"ಅದು ನಾನೇ" ಎಂದಳು ಅತ್ತೆ. ಕಟ್ಟೆಯ ಅಂಚಿಗೆ ಕುಳಿತು ಮೆಲ್ಲಗೆ ಹೇಳಿದಳು: "ಗಂಡನ ಮನ್ಯಾಗ ಅಕ್ಕಿಯೊಳಗ ಬೆರಳಿಲೆ ಒಂದು ಹೆಸರು ಬರದು, ಇನ್ನ ಇದೇ ನಿನ್ನ ಹೆಸರು ಅಂದ್ರು. ಆ ಅಕ್ಕಿ ಅಲ್ಲೇ ಅನ್ನ ಆಗಿ ಹೋತು. ನಮ್ಮವ್ವ ಇಟ್ಟದ್ದು ಬ್ಯಾರೆ. ಅದನ್ನ ಬರಿ."

ಹಾಗೆಂದು ಆ ಹೆಸರು ಹೇಳಿದಳು. ಪ್ಲೇಗಿನ ವರ್ಷದ ನಂತರ ನಮ್ಮ ಮನೆಯಲ್ಲಿ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. ಹೆಳವ ಲೆಕ್ಕಣಿಕೆಯನ್ನು ಮಸಿಯಲ್ಲಿ ಅದ್ದಿ ಬರೆದ. ಅತ್ತೆ ಅವನಿಂದ ಓದಿಸಿದಳು. ನಂಬದೆ ನನ್ನನ್ನು ಕರೆದು ಮತ್ತೆ ಓದಿಸಿದಳು. ಉರ್ದು ಶಾಲೆಯ ಚಟದಿಂದ ನಾನು ಬಲಗಡೆಯಿಂದ ಶುರು ಮಾಡಿದ್ದಕ್ಕೆ ತಲೆಗೊಂದು ಬಿತ್ತು.

"ಹಳೇ ಸಾಲು ಹೊಡದು ಹಾಕಲೇನ್ ಯವ್ವಾ?" ಎಂದ ಹೆಳವ.

ಅತ್ತೆ ಆ ಮಾಸಿದ ಸಾಲಿನ ಮೇಲೆ ಬೆರಳಿಟ್ಟಳು. "ಬ್ಯಾಡ. ಹಂಗ ಇರ್ಲಿ. ಮೊದಲು ಒಂದು ಅಂತ ಎಣಿಸಿದ್ರು, ಹೆಸರು ಆಮ್ಯಾಲ ಬಂತು ಅಂತ ಓದಾವ್ರಿಗೆ ತಿಳೀಲಿ."

ಆಮೇಲೆ ಎದ್ದು ಜೋಳದ ಕೋಣೆಯ ಬಾಗಿಲು ತೆರೆದಳು.

ಆ ಸಂಜೆ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ತುಟಿ ಅಲ್ಲಾಡಿತು, ಆ ಹೆಸರಿನ ಮೊದಲ ಅಕ್ಷರ ನಾಲಿಗೆಯ ತನಕ ಬಂದದ್ದು ನನಗೆ ಕಂಡಿತು. ಅತ್ತೆಯೂ ಬಡಿಯುವುದನ್ನು ನಿಲ್ಲಿಸಿ ತಲೆ ಎತ್ತಿದಳು.

"ಅಕ್ಕಾ, ರೊಟ್ಟಿ" ಎಂದ ಅಪ್ಪ.

"ಕುಂಡ್ರು" ಎಂದು ಅತ್ತೆ ತಾಟು ಸರಿಸಿದಳು.