ಭಾವ ತೊಳೆದಿಟ್ಟ ಟ್ರೇ

ನಮ್ಮ ಭಾವನ ಮೂಗಿನ ಬಗ್ಗೆ ಮೊದಲು ಹೇಳಿಬಿಡಬೇಕು, ಯಾಕೆಂದರೆ ಅವರ ಬದುಕೆಲ್ಲ ಆ ಮೂಗಿನ ತುದಿಯಲ್ಲೇ ನಡೆದದ್ದು. ನನ್ನ ಅಕ್ಕನ ಗಂಡ. ಲಾಂಡ್ರಿ ಇಟ್ಟವರು. ಇಪ್ಪತ್ತೆಂಟು ವರ್ಷಗಳಿಂದ ಒಂದೇ ಮೇಜಿನ ಮುಂದೆ ನಿಂತು ಜನರ ಬಟ್ಟೆಯ ಕಲೆ ತೆಗೆಯುತ್ತಿರುವವರು. ಬಟ್ಟೆಯನ್ನು ಮೂಗಿಗೆ ಹಿಡಿದು ಒಮ್ಮೆ ಉಸಿರೆಳೆದರೆಂದರೆ ಇದು ಚಹಾ, ಇದು ತುಕ್ಕು, ಇದು ರಕ್ತ, ಅದೂ ನಿನ್ನೆಯದಲ್ಲ ಮೊನ್ನೆಯದು ಎಂದು ಹೇಳಿಬಿಡುತ್ತಾರೆ. ಮೇಜಿನ ಮೇಲೆ ಹದಿನಾರು ಬಾಟಲಿ, ನಾಲ್ಕು ಬ್ರಷ್ಷು, ಕಾಲಲ್ಲಿ ಒತ್ತಿದರೆ ಬುಸ್ಸೆಂದು ಹಬೆ ಬಿಡುವ ಕೊಳವೆ. ಬೀದಿಯವರು ಅವರನ್ನು ಕಲೆಗಾರ ಎನ್ನುತ್ತಾರೆ. ಅದು ಹೊಗಳಿಕೆಯೋ ಗೇಲಿಯೋ ಎಂದು ಅವರು ಇದುವರೆಗೆ ಯೋಚಿಸಿದಂತಿಲ್ಲ.

ಅವರದೊಂದೇ ಮಾತು: ಗುರುತು ಸಿಗಬಾರದು. ಕಲೆ ಹೋದರೆ ಸಾಲದು, ಅಲ್ಲೊಂದು ಕಲೆ ಇತ್ತು ಎಂಬುದೇ ಗೊತ್ತಾಗಬಾರದು. ಗಿರಾಕಿಯ ಮುಂದೆ ಶರ್ಟನ್ನು ಬೆಳಕಿಗೆ ಹಿಡಿದು, "ಎಲ್ಲಿತ್ತು ತೋರ್ಸಿ ನೋಡೋಣ" ಎಂದು ಸವಾಲು ಹಾಕುತ್ತಾರೆ. ಅಂಗಡಿಯಲ್ಲಿ ಇದು ಸರಿಯೇ, ನಾನೇನೂ ಅನ್ನುವುದಿಲ್ಲ. ಆದರೆ ಮನುಷ್ಯ ಸಂಜೆ ಬಾಗಿಲು ಹಾಕಿ ಮನೆಗೆ ಬರುವಾಗ ಬ್ರಷ್ಷನ್ನು ಅಲ್ಲೇ ಬಿಟ್ಟು ಬರಬೇಕು. ಇವರು ಜೇಬಲ್ಲಿ ಇಟ್ಟುಕೊಂಡು ಬರುತ್ತಿದ್ದರು.

ಅಕ್ಕನ ಮನೆಗೆ ಹೋದರೆ ಎಲ್ಲಿ ಕೂರುವುದೆಂದೇ ನನಗೆ ಗೊತ್ತಾಗುತ್ತಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಸೋಫಾದ ಜೊತೆ ಬಂದ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು, ಕೂತರೆ ಪರಪರ ಎನ್ನುತ್ತಿತ್ತು. ಈರುಳ್ಳಿ ಹುರಿಯುವುದಿದ್ದರೆ ಅಡುಗೆಮನೆಯ ಬಾಗಿಲು ಮುಚ್ಚಿ, ಹಿಂದಿನ ಬಾಲ್ಕನಿಯಲ್ಲಿ ಪುಟ್ಟ ಸ್ಟೌ ಇಟ್ಟುಕೊಂಡು ಹುರಿಯಬೇಕು. ತಲೆಗೆ ಎಣ್ಣೆ ಹಚ್ಚುವಂತಿಲ್ಲ, ದಿಂಬಿಗೆ ಹತ್ತುತ್ತದೆ. ನಾನು ಕುರ್ಚಿಯಿಂದ ಎದ್ದ ತಕ್ಷಣ ಭಾವ ಬಂದು ಅದನ್ನು ಒರೆಸುತ್ತಿದ್ದರು. ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ದಿನಕ್ಕೆ ನೂರು ಡಬ್ಬಿ ಮೂತ್ರಕ್ಕೆ ಚೀಟಿ ಅಂಟಿಸುವ ಕೈ ಇದು. ಅವರ ಲೆಕ್ಕದಲ್ಲಿ ನಾನು ಓಡಾಡುವ ಕಲೆ.

ಅಮ್ಮ ತೀರಿಕೊಂಡಾಗ ಅಕ್ಕ ಕೇಳಿ ತೆಗೆದುಕೊಂಡದ್ದು ಅಮ್ಮನ ಹಳೆಯ ಉಣ್ಣೆಯ ಶಾಲು ಒಂದನ್ನೇ. ಚೀಲದಲ್ಲಿ ಹಾಕಿ ಬಾಯಿ ಕಟ್ಟಿಟ್ಟಿದ್ದಳು. ಯಾವಾಗಲಾದರೊಮ್ಮೆ ತೆಗೆದು ಮುಖಕ್ಕೆ ಒತ್ತಿಕೊಳ್ಳುತ್ತಿದ್ದಳು. ಅದು ಭಾವನ ಕಣ್ಣಿಗೆ ಬಿತ್ತು. ಅಂಗಡಿಗೆ ಒಯ್ದು, ಎರಡು ದಿನ ತಾವೇ ಕೂತು ತಿಕ್ಕಿ, ಹಬೆ ಕೊಟ್ಟು, ಹ್ಯಾಂಗರಿಗೆ ಹಾಕಿ ಪ್ಲಾಸ್ಟಿಕ್ ಹೊದಿಸಿ ತಂದುಕೊಟ್ಟರು. "ನೋಡು, ಯಾರದ್ದು ಅಂತಾನೇ ಗೊತ್ತಾಗಲ್ಲ" ಎಂದರಂತೆ. ಅಕ್ಕ ಅದನ್ನು ಬೀರುವಿನಲ್ಲಿ ತೂಗುಹಾಕಿದಳು. ನಾನಾಗಿದ್ದರೆ ಆ ಹ್ಯಾಂಗರನ್ನು ಅವರ ಕೊರಳಿಗೇ ಹಾಕುತ್ತಿದ್ದೆ. ಅಕ್ಕ ನನ್ನ ಹಾಗಲ್ಲ, ಅವಳು ನುಂಗಿಕೊಳ್ಳುವವಳು.

ಇಂಥ ಮನೆಗೆ ಒಂದು ಮೊಲ ಬಂತು. ಮೇಲಿನ ಮಹಡಿಯಲ್ಲಿದ್ದ ಹೋಟೆಲ್ ಮ್ಯಾನೇಜರು ಊರು ಬಿಡುವಾಗ ತಮ್ಮ ಬೂದು ಮೊಲವನ್ನು ಅಕ್ಕನ ಕೈಗಿಟ್ಟರು. ಆ ಹೋಟೆಲಿನ ಚಾದರಗಳೆಲ್ಲ ಭಾವನ ಅಂಗಡಿಗೇ ಬರುತ್ತಿದ್ದುದರಿಂದ ಭಾವನ ಬಾಯಿ ಕಟ್ಟಿತ್ತು. "ಏನೂ ಗಲೀಜಿಲ್ಲ ಸಾರ್, ಎಲ್ಲಾ ಟ್ರೇಯಲ್ಲೇ ಮಾಡುತ್ತೆ" ಎಂದು ಹೇಳಿ, ಕಾಗದದ ಚೂರು ಹಾಸಿದ ಒಂದು ಪ್ಲಾಸ್ಟಿಕ್ ಟ್ರೇಯನ್ನೂ ಮ್ಯಾನೇಜರು ಕೊಟ್ಟುಹೋದರು. ಭಾವ ಮಾಡಿದ ಮೊದಲ ಕೆಲಸವೆಂದರೆ ಆ ಟ್ರೇಯ ಕಾಗದವನ್ನೆಲ್ಲ ಕಸಕ್ಕೆ ಸುರಿದು, ಅದನ್ನು ಬ್ಲೀಚ್ ಹಾಕಿ ತಿಕ್ಕಿ ತೊಳೆದು ಬಿಸಿಲಿಗಿಟ್ಟದ್ದು.

ಅಕ್ಕ ಅದನ್ನು ಸಾಹೇಬ್ರು ಎಂದು ಕರೆದಳು. ಅದರ ಜೊತೆ ಇಡೀ ದಿನ ಮಾತು. ಒಂದು ದಿನ ಫೋನಿನಲ್ಲಿ ಅದು ಚಪ್ಪಲಿ ಕಡಿದ ಕತೆ ಹೇಳುತ್ತಾ ಅಕ್ಕ ಗಟ್ಟಿಯಾಗಿ ನಕ್ಕಾಗ, ತಪ್ಪು ನಂಬರ್ ಒತ್ತಿದೆನೇನೋ ಎಂದುಕೊಂಡೆ. ಮದುವೆಯಾದ ಮೇಲೆ ಅವಳ ನಗುವಿಗೆ ಅಷ್ಟು ಸದ್ದಿರಲಿಲ್ಲ.

ಸಾಹೇಬ್ರು ಮಾತ್ರ ಟ್ರೇಯ ಕಡೆ ತಲೆ ಹಾಕಲಿಲ್ಲ. ಮೊದಲ ದಿನ ವಾಷಿಂಗ್ ಮೆಷಿನ್ನಿನ ಹಿಂದಿನ ಮೂಲೆಯಲ್ಲಿ ಉಚ್ಚೆ ಹೊಯ್ದರು. ಭಾವ ಆ ಮೂಲೆಯನ್ನು ಮೂರು ಬಾಟಲಿ ಬಳಸಿ ತೊಳೆದರು. ಎರಡನೇ ದಿನ ಕಾಲೊರಸಿನ ಮೇಲೆ. ಮೂರನೇ ದಿನ ಸೋಫಾದ ಕೆಳಗೆ. ಹಿಕ್ಕೆಯಂತೂ ಹಾಲಿನ ಉದ್ದಕ್ಕೂ. ಭಾವ ತೊಳೆದಷ್ಟೂ ಅದು ಹೊಸ ಜಾಗ ಹುಡುಕಿತು, ಅದು ಹುಡುಕಿದಷ್ಟೂ ಇವರು ತೊಳೆದರು. ಟ್ರೇಯನ್ನಂತೂ ದಿನಕ್ಕೆರಡು ಸಲ, ನಿಂಬೆ ವಾಸನೆಯ ದ್ರಾವಣದಲ್ಲಿ ಅದ್ದಿ ಅದ್ದಿ. ಆಮೇಲೆ ವಾಸನೆ ಒಳಗೆ ಬರಬಾರದೆಂದು ಟ್ರೇಯನ್ನೇ ಬಾಲ್ಕನಿಗೆ ಹಾಕಿದರು.

"ಬೇಕೂಂತಲೇ ಮಾಡ್ತಿದೆ," ಎಂದರು ಭಾವ. ಎರಡು ಕಿಲೋ ತೂಗದ ಜೀವಕ್ಕೆ ಇವರ ಮೇಲೆ ಹಗೆಯಂತೆ. ಅದನ್ನು ಎತ್ತಿ ಟ್ರೇಯಲ್ಲಿ ಕೂರಿಸಿ, ಬೆನ್ನು ಅದುಮಿ ಹಿಡಿದು, ಗಡಿಯಾರ ನೋಡುತ್ತಾ "ಮಾಡು. ಮಾಡು ಅಂದ್ರೆ" ಎಂದು ಹೇಳುವುದನ್ನು ನಾನೇ ಕಂಡಿದ್ದೇನೆ. ಐವತ್ತು ದಾಟಿದ ಗಂಡಸು, ಕನ್ನಡಕ ಹಾಕಿಕೊಂಡು. ಮೊಲ ಅವರ ಮಾತಿಗೆ ಸೊಪ್ಪು ಹಾಕಲಿಲ್ಲ. ಬಿಟ್ಟ ಕೂಡಲೇ ಹಿಂಗಾಲನ್ನು ನೆಲಕ್ಕೆ ದಬ್ಬೆಂದು ಬಡಿದು, ಹೋಗಿ ಕಾಲೊರಸಿನ ಮೇಲೆ ಕೂತಿತು.

ಕೊನೆಗೆ ಭಾವ ಗಡುವು ಕೊಟ್ಟರು. ಹತ್ತು ದಿನ. ಅಷ್ಟರೊಳಗೆ ಕಲಿಯದಿದ್ದರೆ ಅಂಗಡಿಯ ವ್ಯಾನ್ ಡ್ರೈವರು ಬಂದು ತೆಗೆದುಕೊಂಡು ಹೋಗುತ್ತಾನೆ. ಡ್ರೈವರು ಆಗಲೇ "ಎಷ್ಟು ತೂಕ ಬರ್ಬಹುದು ಸಾರ್?" ಎಂದು ವಿಚಾರಿಸಿದ್ದನಂತೆ. ಸಾಕುವವರು ಯಾರೂ ತೂಕ ಕೇಳುವುದಿಲ್ಲ. ಅಕ್ಕ ನನಗೆ ಫೋನ್ ಮಾಡಿ, "ಏನಾದ್ರೂ ಮಾಡೇ. ಇದೊಂದನ್ನ ಕಳ್ಕೊಳ್ಳೋಕೆ ನನ್ ಕೈಲಾಗಲ್ಲ" ಎಂದಳು. ಅವಳು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

ನಮ್ಮ ಲ್ಯಾಬಿಗೆ ತಿಂಗಳಿಗೊಮ್ಮೆ ಸಕ್ಕರೆ ಪರೀಕ್ಷೆಗೆಂದು ಒಬ್ಬ ಪ್ರಾಣಿ ಡಾಕ್ಟರಮ್ಮ ಬರುತ್ತಾರೆ. ಸೂಜಿ ಚುಚ್ಚುವಾಗ ಅವರಿಗೆ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಟ್ರೇ ತೊಳೆಯೋದು ಯಾರು?"

"ನಮ್ ಭಾವ. ಲಾಂಡ್ರಿ ಅವರದ್ದು."

ಡಾಕ್ಟರಮ್ಮ ನಗಲು ಶುರುಮಾಡಿದರು. ಸೂಜಿ ಅಲುಗಾಡಿತು. "ತಪ್ಪು ಮೊಲದ್ದಲ್ಲಮ್ಮ. ಅದು ವಾಸನೆ ಹಿಡ್ಕೊಂಡೇ ತನ್ನ ಜಾಗ ಗುರುತಿಸೋದು. ನಿಮ್ಮ ಭಾವ ದಿನಾ ಅದನ್ನ ಅಳಿಸಿಹಾಕಿದ್ರೆ ಅದಕ್ಕೆ ದಿನಾ ಹೊಸ ಮನೆ. ಹೊರಗೆ ಬಿದ್ದದ್ದನ್ನ ಚೆನ್ನಾಗಿ ತೊಳೀಲಿ, ಬೇಡ ಅನ್ನಲ್ಲ. ಟ್ರೇಯಲ್ಲಿ ಮಾತ್ರ ಒಂದು ಒದ್ದೆ ಕಾಗದ ಬಿಡಿ. ಅದು ಮೊದ್ಲು ಯಾವ ಮೂಲೆ ಆರಿಸ್ಕೊಂಡಿತ್ತೋ ಅಲ್ಲೇ ಇಡಿ. ಒಂದು ಬದಿಗೆ ಒಣಹುಲ್ಲು ಹಾಕಿ, ತಿಂತಾ ತಿಂತಾ ಹಿಕ್ಕೆ ಹಾಕೋದು ಅದರ ಅಭ್ಯಾಸ."

ಇಷ್ಟೇ. ಅದೇ ಸಂಜೆ ಹೋಗಿ ಭಾವನಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಗಲೀಜು ಹೋಗ್ಬೇಕು ಅಂದ್ರೆ ಗಲೀಜು ಬಿಡ್ಬೇಕಾ? ಯಾರಮ್ಮ ಹೇಳಿದ್ದು ನಿಂಗೆ?"

"ಡಾಕ್ಟ್ರು, ಭಾವ."

"ಇಪ್ಪತ್ತೆಂಟು ವರ್ಷ ಈ ಕೆಲ್ಸ ಮಾಡ್ದೋನು ನಾನು. ಕಲೆ ವಿಷ್ಯ ನನಗೆ ಹೇಳ್ಬೇಡ," ಎಂದು ಎದ್ದುಹೋದರು. ನಾನು ಕೂತಿದ್ದ ಕುರ್ಚಿಯನ್ನು ಒರೆಸುವುದನ್ನು ಮರೆಯಲಿಲ್ಲ.

ಗಡುವಿಗೆ ಆಗ ಐದು ದಿನ ಉಳಿದಿತ್ತು. ಅಕ್ಕ ತನ್ನ ಪಾಡಿಗೆ ತಾನು ಕೆಲಸ ಶುರುಮಾಡಿದಳು. ಭಾವ ಬೆಳಿಗ್ಗೆ ಟ್ರೇ ತೊಳೆದಿಟ್ಟು ಅಂಗಡಿಗೆ ಹೊರಡುವುದನ್ನೇ ಕಾಯುವಳು. ಹೊರಟ ಮೇಲೆ ಟ್ರೇಯನ್ನು ವಾಷಿಂಗ್ ಮೆಷಿನ್ನಿನ ಹಿಂದಿನ ಮೂಲೆಗೆ ತಂದು, ಮುಚ್ಚಳವಿರುವ ಒಂದು ಡಬ್ಬಿಯಿಂದ ಹಿಂದಿನ ದಿನದ ಒದ್ದೆ ಕಾಗದ ತೆಗೆದು ಹಾಸಿ, ಮೇಲೆ ಹೊಸ ಕಾಗದ, ಪಕ್ಕದಲ್ಲಿ ಹುಲ್ಲು. ಸಂಜೆ ಅವರು ಬರುವ ಮೊದಲು ಒಂದು ಹಿಡಿ ಒದ್ದೆ ಕಾಗದ ಮತ್ತೆ ಡಬ್ಬಿಗೆ, ಡಬ್ಬಿ ಬಾಲ್ಕನಿಯ ಸ್ಟೌ ಹಿಂದಕ್ಕೆ, ಉಳಿದದ್ದರ ಸಮೇತ ಟ್ರೇ ಬಾಲ್ಕನಿಗೆ, ಮೊಲ ತನ್ನ ಗೂಡಿಗೆ. ತನ್ನದೇ ಮನೆಯಲ್ಲಿ ಕಳ್ಳಿಯಂತೆ. ಎರಡನೇ ದಿನ ಸಾಹೇಬ್ರು ಟ್ರೇ ಹತ್ತಿ ಕೂತು, ಹುಲ್ಲು ಜಗಿಯುತ್ತಾ, ಕಣ್ಣು ಅರೆಮುಚ್ಚಿ ಎಲ್ಲವನ್ನೂ ಅಲ್ಲೇ ಮುಗಿಸಿದರಂತೆ. ಮೂರನೇ ದಿನ, ನಾಲ್ಕನೇ ದಿನ ಹೊರಗೆ ಒಂದು ಹನಿಯಿಲ್ಲ.

ಇದನ್ನು ಕಂಡು ಭಾವ ಏನು ತಿಳಿದುಕೊಂಡರು ಗೊತ್ತೇ? ತಮ್ಮ ಶಿಸ್ತು ಫಲಿಸಿತೆಂದು. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ, "ಮೊಲಕ್ಕೂ ಒಂದು ಗದರಿಕೆ ಬೇಕು ನೋಡಿ, ಬೆರಳು ತೋರಿಸಿದ್ರೆ ಸಾಕು, ಹೋಗಿ ಕೂರುತ್ತೆ" ಎಂದು ಕೊಚ್ಚಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಅಕ್ಕ, "ಬಿಡು ಕಣೆ, ಹಾಗೇ ಅನ್ಕೊಳ್ಲಿ. ಸಾಹೇಬ್ರು ಉಳಿದ್ರೆ ಸಾಕು" ಎಂದಳು.

ಹತ್ತನೇ ದಿನ ರಜೆ. ಭಾವ ಮನೆಯಲ್ಲೇ ಇದ್ದರು, ನಾನೂ ಹೋಗಿದ್ದೆ. ಅವರ ಮುಖದಲ್ಲಿ ಪರೀಕ್ಷೆ ನಡೆಸುವ ಮೇಷ್ಟರ ಗತ್ತು. ಕೊನೆಯ ದಿನವಲ್ಲವೇ, ಎಲ್ಲ ಶುದ್ಧವಾಗಿರಬೇಕೆಂದು ಬೆಳಿಗ್ಗೆ ಟ್ರೇಯನ್ನು ಎರಡು ಸಲ ತಿಕ್ಕಿದ್ದರು. ಅಷ್ಟಕ್ಕೆ ಸುಮ್ಮನಿದ್ದರೆ ಆ ಮೂಗು ಯಾಕೆ? ಬಾಲ್ಕನಿಗೆ ಹೋದವರು ಗಾಳಿಯನ್ನು ಮೂಸಿ ಮೂಸಿ, ಸ್ಟೌ ಹಿಂದೆ ಕೈ ಹಾಕಿ ಡಬ್ಬಿಯನ್ನು ಎಳೆದರು. ಮುಚ್ಚಳ ತೆಗೆದರು.

"ಇದೇನಿದು?"

"ಒದ್ದೆ ಕಾಗದ," ಎಂದಳು ಅಕ್ಕ. "ಅದರಿಂದಲೇ ರೀ ಕಲ್ತದ್ದು. ದಯವಿಟ್ಟು ತೊಳೀಬೇಡಿ."

ಮದುವೆಯಾದ ಈ ಹನ್ನೆರಡು ವರ್ಷದಲ್ಲಿ ಅವಳು ಆ ಮನುಷ್ಯನಿಗೆ ಬೇಡ ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಭಾವ ಅವಳನ್ನು ನೋಡಿದರು, ಡಬ್ಬಿಯನ್ನು ನೋಡಿದರು. ಆಮೇಲೆ ನಲ್ಲಿ ತಿರುಗಿಸಿದರು. ಕಾಗದ ಕಸಕ್ಕೆ ಹೋಯಿತು, ಡಬ್ಬಿಯೂ ಫಳಫಳ ಹೊಳೆಯಿತು.

ಟ್ರೇಯನ್ನು ಒಳಗೆ ತಂದಿಟ್ಟು ಮೊಲವನ್ನು ಹಾಲಿಗೆ ಬಿಟ್ಟರು. ಅದು ನೇರ ಟ್ರೇಯ ಹತ್ತಿರ ಹೋಯಿತು. ಅಂಚನ್ನು ಮೂಸಿತು, ಒಳಗೆ ಮೂಸಿತು, ಒಂದು ಸುತ್ತು ಹಾಕಿತು, ಮತ್ತೆ ಮೂಸಿತು. ಅಕ್ಕ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ನಿಂಬೆಹಣ್ಣಿನ ಆ ಘಾಟಿನಲ್ಲಿ ಅದಕ್ಕೆ ತನ್ನದೆನ್ನುವಂಥದ್ದು ಏನೂ ಸಿಗಲಿಲ್ಲ. ಅಲ್ಲಿಂದ ತಿರುಗಿ ಬಂದು, ಸೋಫಾ ಹತ್ತಿ, ಇಸ್ತ್ರಿ ಮಾಡಿ ಜೋಡಿಸಿಟ್ಟಿದ್ದ ಭಾವನ ಬಿಳಿ ಶರ್ಟುಗಳ ಮೇಲೆ ನೆಮ್ಮದಿಯಾಗಿ ಹೊಯ್ದಿತು.

"ನೋಡಿದ್ಯಾ," ಎಂದರು ಭಾವ. ಅವರಿಗೆ ಸಿಟ್ಟಿಗಿಂತ ಖುಷಿಯೇ ಹೆಚ್ಚಾಗಿತ್ತೆಂದು ನಾನು ಆಣೆ ಮಾಡಿ ಹೇಳಬಲ್ಲೆ. ಡ್ರೈವರಿಗೆ ಫೋನ್ ಹೋಯಿತು. ಅರ್ಧ ಗಂಟೆಯಲ್ಲಿ ಅವನು ರಟ್ಟಿನ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತ.

ಅಷ್ಟರಲ್ಲಿ ಅಕ್ಕ ಒಳಗೆ ಹೋಗಿದ್ದವಳು ಕೈಚೀಲವೊಂದನ್ನು ಹಿಡಿದು ಹೊರಗೆ ಬಂದಳು. "ಕೊಡಪ್ಪ ಇಲ್ಲಿ," ಎಂದು ಡ್ರೈವರಿನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡಳು. ಮೊಲವನ್ನು ಅದರಲ್ಲಿಟ್ಟು ನನ್ನ ಕಡೆ ತಿರುಗಿ, "ನಡಿಯೇ, ನಿನ್ ಮನೆಗೆ" ಎಂದಳು.

"ಏ, ಎಲ್ಲಿಗೆ?" ಎಂದರು ಭಾವ. ಆದರೆ ಬಾಗಿಲವರೆಗೆ ಬರಲಿಲ್ಲ. ಶರ್ಟು ಕೈಯಲ್ಲಿತ್ತು, ಬ್ರಷ್ಷು ಜೇಬಿನಿಂದ ಹೊರಗೆ ಬಂದಿತ್ತು. ಕಲೆಯನ್ನು ಒದ್ದೆ ಇರುವಾಗಲೇ ಹಿಡಿಯಬೇಕು, ಒಣಗಿದರೆ ಕಷ್ಟ. ನಾವು ಮೆಟ್ಟಿಲಿಳಿಯುವಾಗಲೂ ತಿಕ್ಕುವ ಸದ್ದು ಕೇಳುತ್ತಿತ್ತು.

ನನ್ನದು ಎರಡು ಕೋಣೆಯ ಮನೆ, ಗೋಡೆಯ ಬಣ್ಣ ಏಳುತ್ತಿದೆ. ಸಾಹೇಬ್ರು ಬಂದ ದಿನ ಚಪ್ಪಲಿ ಗೂಡಿನ ಪಕ್ಕದ ಮೂಲೆ ಆರಿಸಿಕೊಂಡರು. ಒಂದು ಹಳೆಯ ಪ್ಲಾಸ್ಟಿಕ್ ಬೋಗುಣಿಯನ್ನು ಅಲ್ಲೇ ಇಟ್ಟು, ಒದ್ದೆಯಾದ ಕಾಗದವನ್ನೇ ತಳದಲ್ಲಿ ಹಾಸಿದೆವು. ಎರಡೇ ದಿನದಲ್ಲಿ ಎಲ್ಲ ಸರಿಹೋಯಿತು. ಅಕ್ಕ ಒಳಗೆ ನಿಂತು ಈರುಳ್ಳಿ ಹುರಿದಳು, ತಲೆಗೆ ಎಣ್ಣೆ ಹಚ್ಚಿದಳು. ನನ್ನ ದಿಂಬಿನ ಮೇಲೆ ದೊಡ್ಡ ಕಲೆಯಾಯಿತು. ಒಂದು ಕ್ಷಣ ನನಗೂ ಗೊಣಗಬೇಕೆನ್ನಿಸಿತು, ನಾಲಿಗೆ ಕಚ್ಚಿಕೊಂಡೆ.

ಒಂಬತ್ತನೇ ದಿನ ಭಾವ ಬಂದರು. ಗರಿಗರಿ ಶರ್ಟು, ಕಂಕುಳಲ್ಲಿ ಪ್ಲಾಸ್ಟಿಕ್ ಸುತ್ತಿದ ಟ್ರೇ. ಕುರ್ಚಿಯ ಅಂಚಿನಲ್ಲಿ ಕೂತರು. ಅಕ್ಕ ಚಹಾ ಕೊಟ್ಟಳು. ಲೋಟದಡಿ ಮೇಜಿನ ಮೇಲೆ ಮೂಡಿದ ಉಂಗುರವನ್ನು ಅವರು ಕರ್ಚೀಫಿನಿಂದ ಒರೆಸಿದರು. ನ್ಯಾಯವಾಗಿ ಹೇಳಬೇಕೆಂದರೆ, ಮೊಲದ ಮೂಲೆಯ ಕಡೆ ನೋಡಿದಾಗ ಮೂಗು ಮುಚ್ಚಿಕೊಳ್ಳಲಿಲ್ಲ.

"ಮನೆಗೆ ಬಾ," ಎಂದರು. "ಅದನ್ನೂ ಕರ್ಕೊಂಡೇ ಬಾ. ಡ್ರೈವರಿಗೆ ಬೇಡ ಅಂದಿದ್ದೀನಿ."

ನಾನು ಅಕ್ಕನ ಮುಖ ನೋಡಿದೆ. ಅಲ್ಲಿಗೇ ನಿಲ್ಲಿಸಿದ್ದರೆ ಅವಳು ಎದ್ದು ಹೊರಟುಬಿಡುತ್ತಿದ್ದಳು, ನನಗೆ ಗೊತ್ತು. ಕೈ ಆಗಲೇ ಚೀಲದ ಕಡೆ ಹೋಗಿತ್ತು. ಆದರೆ ಭಾವ ಮುಂದುವರಿಸಿದರು.

"ದಿನಾ ಅಂಗಡಿಯಿಂದ ಬಂದು ಮನೆ ಪೂರ್ತಿ ತೊಳೆದಿದ್ದೀನಿ ಕಣೇ, ಒಬ್ಬನೇ. ಸೋಫಾ, ಗೋಡೆ, ನಿನ್ನ ಬೀರು, ನಿನ್ನ ದಿಂಬು, ಎಲ್ಲಾ. ನೀನೂ ಆ ಮೊಲಾನೂ ಅಲ್ಲಿ ಇದ್ರಿ ಅನ್ನೋ ಗುರುತೇ ಇಲ್ಲ ಈಗ. ಬಂದು ನೋಡು."

ಪಾಪ, ಅದು ಅವರ ಪ್ರೀತಿ. ಇಪ್ಪತ್ತೆಂಟು ವರ್ಷದಲ್ಲಿ ಅವರು ಕಲಿತ ಅತಿ ದೊಡ್ಡ ಮಾತು ಅದೇ. ಮೊದಲ ಬಾರಿಗೆ ನನಗೆ ಅವರನ್ನು ಬೈಯಲು ಮನಸ್ಸು ಬರಲಿಲ್ಲ.

ಅಕ್ಕ ಚೀಲದ ಮೇಲಿಂದ ಕೈ ಹಿಂದಕ್ಕೆ ತೆಗೆದಳು. ಆಮೇಲೆ ಎದ್ದು ಅವರ ಕೈಯಿಂದ ಟ್ರೇ ತೆಗೆದುಕೊಂಡಳು. ಸುತ್ತಿದ್ದ ಪ್ಲಾಸ್ಟಿಕ್ ಬಿಚ್ಚಿದಳು. ಬೋಗುಣಿಯಿಂದ ಒಂದು ಒದ್ದೆ ಕಾಗದವನ್ನು ಬರಿಗೈಯಲ್ಲಿ ಎತ್ತಿ, ಆ ಹೊಳೆಯುವ ಟ್ರೇಯಲ್ಲಿ ಹಾಸಿ, ಮೂಲೆಗಿಟ್ಟಳು. ಮೊಲ ಬಂದು ಮೂಸಿತು. ಗದ್ದವನ್ನು ಅಂಚಿಗೆ ಉಜ್ಜಿತು. ಒಳಗೆ ಹತ್ತಿ ಕೂತಿತು.

"ಟ್ರೇ ಚೆನ್ನಾಗಿದೆ, ಇರ್ಲಿ," ಎಂದಳು ಅಕ್ಕ. "ನೀವು ಹೋಗ್ಬನ್ನಿ."