ಅಕ್ಟೋಬರಿನಲ್ಲಿ ಕರಗುವ ಹಿಮ

ಎಲ್ಲರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಆ ವರ್ಷ, ಕ್ಯಾಲಿಫೋರ್ನಿಯದ ಯೂನಿವರ್ಸಿಟಿ ಸಿಟಿ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ ಕೂತು ನಾನು ಆಸ್ಟ್ರೇಲಿಯದ ಸ್ನೋಯಿ ನದಿಯ ನಕ್ಷೆ ಮಾಡಿದೆ. ಆ ದೇಶದ ಅತಿ ಎತ್ತರದ ಬೆಟ್ಟದ ಮಗ್ಗುಲಲ್ಲಿ ಹುಟ್ಟಿ, ಕಣಿವೆಗಳನ್ನು ಬಳಸಿಕೊಂಡು ದಕ್ಷಿಣದ ಸಮುದ್ರ ಸೇರುವ ನದಿ ಅದು. ಅದರ ಬಹುಪಾಲು ನೀರನ್ನು ಬೆಟ್ಟದಡಿಯ ಸುರಂಗಗಳಲ್ಲಿ ಪಶ್ಚಿಮಕ್ಕೆ ತಿರುಗಿಸಿದ್ದಾರೆ. ಒಂದೊಂದು ತಿರುವನ್ನೂ, ಬೆಟ್ಟದ ಹಿಮ ಕರಗಿ ನದಿಗೆ ಇಳಿಯುವ ತಿಂಗಳನ್ನೂ ನಾನೇ ಗುರುತಿಸಿದ್ದೆ. ನಕ್ಷೆ ಮುಗಿಯುವ ತಿಂಗಳೇ ನನ್ನ ಕಾಂಟ್ರಾಕ್ಟೂ ಮುಗಿಯುತ್ತಿತ್ತು; ನಕ್ಷೆಯ ಮೇಲೆ ನನ್ನ ಹೆಸರಿದ್ದರೆ ಮುಂದುವರಿಸಬಹುದು ಎಂಬ ಆಸೆ.

ಅದೇ ಊರಿನ ಸ್ಕ್ರಿಪ್ಸ್ ರ್ಯಾಂಚಿನಲ್ಲಿದ್ದ ನಮ್ಮ ಟೀಮ್ ಲೀಡ್, ಬೆಂಗಳೂರಿನವರೇ, ಮೂಲೆಯಲ್ಲಿದ್ದ ನನ್ನ ಹೆಸರು ಅಳಿಸಿ ತಮ್ಮದು ಹಾಕಿಕೊಂಡರು. ಫೋನ್ ಮಾಡಿ ಕೇಳಿದೆ.

“ಅಯ್ಯೋ, ನೀನು ನಮ್ಮ ಮನೆ ಹುಡುಗಿ ಕಣಮ್ಮ. ಹೆಸರಿಗೆಲ್ಲ ಯಾಕೆ ತಲೆ ಕೆಡಿಸ್ಕೋತೀಯಾ?” ಎಂದು ನಕ್ಕರು. ಮನೆ ಹುಡುಗಿಯಂತೆ! ಮೈಯೆಲ್ಲ ಉರಿದುಹೋಯಿತು. ಇರಲಿ, ನನಗೂ ಒಂದು ಕಾಲ ಬರುತ್ತೆ ಎಂದುಕೊಂಡೆ.

ನಕ್ಷೆ ಮಾಡಿಸಿದ್ದ ಆಸ್ಟ್ರೇಲಿಯದವರಿಗೆ ಅದನ್ನು ತೋರಿಸುವ ಹಿಂದಿನ ದಿನ ಲೀಡ್ ಮೆಸೇಜ್ ಕಳಿಸಿದರು: “ಹಿಮ ಅಕ್ಟೋಬರಲ್ಲಿ ಕರಗುತ್ತಾ? ತಲೇಲಿ ಏನಿದೆ ನಿಂಗೆ? ಏಪ್ರಿಲ್ ಅಂತ ತಿದ್ದಿದೀನಿ.” ನಮ್ಮ ಕ್ಯಾಲಿಫೋರ್ನಿಯದ ಬೆಟ್ಟಗಳಿಗೆ ಏಪ್ರಿಲ್ ಸರಿ. ಅಲ್ಲಿ ಜೂನ್, ಜುಲೈ ಚಳಿಗಾಲ ಎಂಬುದನ್ನು ಮಹಾನುಭಾವರು ಮರೆತಿದ್ದರು. ವಿವರಿಸಿ ಬರೆದೆ, ಅಳಿಸಿದೆ. “ಆಯ್ತು ಸರ್” ಎಂದಷ್ಟೇ ಕಳಿಸಿದೆ. ಅವತ್ತು ಅನ್ನ ಎರಡು ತುತ್ತು ಹೆಚ್ಚೇ ಸೇರಿತು.

ಮೀಟಿಂಗಿನಲ್ಲಿ ಆ ಕಡೆಯ ಹೆಂಗಸೊಬ್ಬರು ಕೇಳಿದರು: “ಏಪ್ರಿಲ್‌ನಲ್ಲಿ ನಮ್ಮಲ್ಲಿ ಹಿಮ ಸರಿಯಾಗಿ ಬಿದ್ದೇ ಇರುವುದಿಲ್ಲವಲ್ಲ, ಕರಗುವುದೇನು?” ಲೀಡ್ ತಡಮಾಡಲಿಲ್ಲ. ಈ ಭಾಗ ಮಾಡಿದ್ದು ಇವರು ಎಂದು, ಅಪ್ಪನ ಹೆಸರೂ ಸೇರಿಸಿ ನನ್ನ ಪೂರ್ತಿ ಹೆಸರು ಹೇಳಿದರು. ಅಬ್ಬಾ, ಕೊನೆಗೂ ನೆನಪಾಯಿತು!

ನಾನು ಸ್ಕ್ರೀನ್ ಶೇರ್ ಮಾಡಿದೆ. ಮೊದಲು ನನ್ನ ಹಳೆಯ ನಕ್ಷೆ: ಅದರಲ್ಲಿ ಅಕ್ಟೋಬರ್, ಮೂಲೆಯಲ್ಲಿ ನನ್ನ ಹೆಸರು. ಆಮೇಲೆ ಅವರ ಮೆಸೇಜ್. ಕನ್ನಡ ಯಾರಿಗೂ ಬಾರದು ಎಂಬ ಧೈರ್ಯ ಅವರಿಗಿತ್ತೇನೋ. ಒಂದೊಂದೇ ಮಾತು ಬಿಡಿಸಿ ಇಂಗ್ಲಿಷಿನಲ್ಲಿ ಹೇಳಿದೆ, “ತಲೇಲಿ ಏನಿದೆ” ಎಂಬುದನ್ನೂ ಬಿಡದೆ.

“ಉಳಿದದ್ದನ್ನು ನೀವೇ ಹೇಳಿ” ಎಂದರು ಆಕೆ, ನನಗೆ. ಬೆಟ್ಟದ ನೆತ್ತಿಯಿಂದ ಶುರುಮಾಡಿ, ತಿರುವು ತಿರುವಿಗೂ ನಿಲ್ಲಿಸಿ, ನದಿಯನ್ನು ಸಮುದ್ರಕ್ಕೆ ಇಳಿಸಿದೆ. ಹತ್ತು ನಿಮಿಷ ಸಾಕಿತ್ತು, ನಲವತ್ತು ತೆಗೆದುಕೊಂಡೆ.

ಕಾಂಟ್ರಾಕ್ಟ್ ಮುಂದುವರಿಯಿತು. ಈಗ ಲೀಡ್ ಬೇರೆ ಕಡೆ ಕೆಲಸದಲ್ಲಿದ್ದಾರೆ. ಆದರೂ ಪ್ರತಿ ಅಕ್ಟೋಬರಿನಲ್ಲಿ ನಾನು ತಪ್ಪದೆ ಅವರಿಗೆ ಒಂದು ಮೆಸೇಜ್ ಕಳಿಸುತ್ತೇನೆ: “ಸರ್, ಹಿಮ ಕರಗ್ತಿದೆ.”