ತಲೆ ಯಾವ ಕಡೆ?

ಗೆಳೆಯರೇ, ಇವತ್ತು ಮಸ್ಕಿಯಲ್ಲಿ ಬೀಜದ ಅಂಗಡಿಯೊಂದು ಶೀರ್ಷಾಸನ ಹಾಕಿತು. ಬಾಗಿಲ ಮೇಲೆ ನಾನು ಕೂರಿಸಿದ ಡಿಜಿಟಲ್ ಬೋರ್ಡಿನಲ್ಲಿ ಅಂಗಡಿಯ ಹೆಸರು ತಲೆಕೆಳಗಾಗಿ ಬಂತು. ವೈರು ಮೇಲಿನಿಂದ ಬರುತ್ತಿದ್ದುದರಿಂದ, ಅದನ್ನು ಚುಚ್ಚುವ ಜಾಗ ಮೇಲೆ ಬರಲೆಂದು ಪರದೆಯನ್ನು ನಾನೇ ತಿರುಗಿಸಿ ಕೂರಿಸಿದ್ದೆ.

ಮಾಲೀಕ ಶರಣಪ್ಪ ಕಾಕಾ ಸಿಟ್ಟಾದರು. "ಏನಲೇ ಇದು? ಗಿರಾಕಿ ಕಾಲ್ ಮ್ಯಾಲ ಮಾಡಿ ಓದಬೇಕೇನು? ಬಿಚ್ಚಿ ಸರಿಯಾಗಿ ಹಚ್ಚು."

"ಬಿಚ್ಚೂದು ಬ್ಯಾಡ್ರೀ ಕಾಕಾ. ತಲಿ ಯಾವ ಕಡಿ ಐತಿ ಅಂತ ಅದಕ್ಕ ಹೇಳಿದ್ರ ಸಾಕು."

ಲ್ಯಾಪ್‌ಟಾಪ್ ಜೋಡಿಸಿ, ಸೆಟ್ಟಿಂಗ್ ಫೈಲಿನಲ್ಲಿ 'ಪರದೆ ನೂರಾ ಎಂಬತ್ತು ಡಿಗ್ರಿ ತಿರುಗಿದೆ' ಎಂಬರ್ಥದ ಒಂದು ಸಾಲು ಸೇರಿಸಿದೆ. ಬೋರ್ಡು ಆಫ್ ಆಗಿ ಆನ್ ಆಯಿತು, ಅಕ್ಷರಗಳು ನೆಟ್ಟಗಾದವು.

"ಇಷ್ಟ್ ಶಾಣ್ಯಾ ಮಷಿನ್ನು, ತನ್ನ ತಲಿ ಎಲ್ಲೈತಿ ಅಂತ ತನಗ ಗೊತ್ತಿಲ್ಲೇನು?" ಎಂದರು ಕಾಕಾ.

ನನಗೆ ಅಪ್ಪ ನೆನಪಾದ. ಲಿಂಗಸುಗೂರಿನಲ್ಲಿ ತಗಡಿನ ಬೋರ್ಡು ಬರೆಯುತ್ತಿದ್ದ. ಮೊಳೆ ಹೊಡೆಯುವವರಿಗೆ ಓದಲು ಬರುತ್ತಿರಲಿಲ್ಲ. ಅದಕ್ಕೇ ಪ್ರತಿ ತಗಡಿನ ಹಿಂದೆ, ಮೇಲ್ತುದಿಯಲ್ಲಿ, ಸೀಮೆಸುಣ್ಣದಿಂದ ಒಂದು ಮೀಸೆಯ ಮುಖ ಬರೆದಿಡುತ್ತಿದ್ದ. ಅವನ ಒಂದು ಬೋರ್ಡೂ ತಲೆಕೆಳಗಾಗಲಿಲ್ಲ.

ಹೊರಡುವ ಮುಂಚೆ ಪರದೆಯ ಚೌಕಟ್ಟಿನ ಮೇಲಂಚಿನಲ್ಲಿ ಮಾರ್ಕರಿನಿಂದ ಪುಟ್ಟದೊಂದು ಮೀಸೆಯ ಮುಖ ಬರೆದೆ.

"ಇವ ಯಾರಲೇ?" ಎಂದರು ಕಾಕಾ.

"ನಮ್ಮಪ್ಪನ ಸಾಫ್ಟ್‌ವೇರ್ ರೀ."